ನದಿ ಪಕ್ಕದ ಟೆಂಟಿನಲ್ಲಿ ನಾಯಿ ರಾತ್ರಿಯಿಡೀ ಬೊಗಳಿದರೆ

ನದಿ ಪಕ್ಕ ಟೆಂಟ್ ಹಾಕಿದಾಗ ನಾಯಿ ನಡುಗುತ್ತಾ ರಾತ್ರಿಯಿಡೀ ಬೊಗಳಿತು ಅಂತ ಕೇಳಿದ್ದೀರಿ. ಬೊಗಳಿದ್ದಕ್ಕೆ ಕಾರಣ ಬಹುಶಃ ನದಿಯ ಸದ್ದೇ. ನೀರಿಗೆ ಬಂದ ಪ್ರಾಣಿಯ ವಾಸನೆ ಮೂಗಿಗೆ ಬಡಿಯುತ್ತದೆ, ಹೆಜ್ಜೆ ಸದ್ದು ಮಾತ್ರ ಕೇಳಿಸುವುದಿಲ್ಲ. ಗಾಬರಿಯಾಗದೆ ಇರುತ್ತಾ? ಮುಂದಿನ ಸಲ ದಡದಿಂದ ಒಂದು 60 ಮೀಟರ್ ದೂರ, ಸ್ವಲ್ಪ ಎತ್ತರದಲ್ಲಿ ಟೆಂಟ್ ಹಾಕಿ. ರಾತ್ರಿ ನೀರು ಏರುವ ಭಯವೂ ಕಡಿಮೆ. ಕತ್ತಲಾಗುವ ಮೊದಲೇ ತಲುಪಿ, ಬೆಲ್ಟ್ ಹಿಡಿದು ಸುತ್ತಲೂ ಸಾವಕಾಶವಾಗಿ ಮೂಸಲು ಬಿಡಿ. ಇದೊಂದನ್ನು ತಪ್ಪಿಸಬೇಡಿ. ಆಮೇಲೆ ಹೊಟ್ಟೆ, ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ, ಅದು ದಿನಾ ಮಲಗುವ ಬಟ್ಟೆಯ ಮೇಲೆ ಟೆಂಟಿನ ಒಳಗೇ ಮಲಗಿಸಿ. ಹೊರಗೆ ಕಟ್ಟಿದರೆ ಇನ್ನೂ ಜಾಸ್ತಿ ಬೊಗಳುತ್ತದೆ. ನಡುಕ ಚಳಿಗೋ ಭಯಕ್ಕೋ ಅಂತ ಇಲ್ಲಿಂದ ಹೇಳುವುದು ಕಷ್ಟ. ಕಿವಿ ತುದಿ ತಣ್ಣಗಿದ್ದರೆ ಮೊದಲು ಕಂಬಳಿ ಹೊದಿಸಿ. ಅದಕ್ಕೂ ಸುಮ್ಮನಾಗದಿದ್ದರೆ ಕಾರಿನಲ್ಲೇ ಜೊತೆಗೆ ಮಲಗಿ, ಕಿಟಕಿ ಸ್ವಲ್ಪ ಇಳಿಸಿರಿ.