ಯಂತ್ರ ಇದ್ದರೆ ಸಾಲದು

ಕೊರೊನಾ ಕಾಲದ ಆರ್‌ಟಿ-ಪಿಸಿಆರ್ ಯಂತ್ರ ಚಿಕ್ಕಮಗಳೂರಿನಲ್ಲೇ ಇರುವಾಗ ಮಂಗನ ಕಾಯಿಲೆಯ ಶಂಕೆಯಿರುವವರ ರಕ್ತ ಪರೀಕ್ಷೆಗೆ ಶಿವಮೊಗ್ಗಕ್ಕೆ ಏಕೆ ಹೋಗಬೇಕು ಎಂದು ಕೊಪ್ಪದಿಂದ ಕೇಳಿದ್ದೀರಿ.

ಯಂತ್ರ ಒಲೆಯಿದ್ದಂತೆ, ಸಾಮಾನು ಬೇರೆಯೇ ಬೇಕು: ಈ ವೈರಸ್ಸಿಗೆ ಹೊಂದುವ ಕಿಟ್, ತರಬೇತಾದ ಕೈ, ಬಿಗಿಯಾದ ಸುರಕ್ಷತೆ. ಪ್ರಯೋಗಾಲಯದ ಸಿಬ್ಬಂದಿಗೇ ಈ ಸೋಂಕು ತಗಲಿದ್ದುಂಟು. ದೇಶದ ಮೊದಲ ಕೊರೊನಾ ಪ್ರಕರಣವೂ 2020ರ ಜನವರಿಯಲ್ಲಿ ದೃಢಪಟ್ಟದ್ದು ದೂರದ ಪುಣೆಯಲ್ಲಿ.

ಆದರೆ ಕೊರೊನಾ ಹೇಳದೆ ಬಂತು, ಇದು ಹಾಗಲ್ಲ. 1957ರಿಂದ ಪರಿಚಿತ, ಕಾಟವೆಲ್ಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಕಿಟ್ ಖರೀದಿ, ಮಾದರಿ ಸಾಗಿಸುವ ವಾಹನ ಎಲ್ಲವೂ ಮಳೆಗಾಲದಲ್ಲೇ ನಿಗದಿಯಾಗಬೇಕು. ತೋಟದಲ್ಲಿ ಮಂಗ ಸತ್ತು ಕಾಯಿಲೆಯ ಸುಳಿವು ಸಿಕ್ಕ ಮೇಲೆ ಟೆಂಡರ್ ಕರೆಯುವುದನ್ನು ಯೋಜನೆ ಎನ್ನಲು ನನಗಂತೂ ಮನಸ್ಸಿಲ್ಲ.

ಇನ್ನೊಂದು ವಿಷಯ. ನಮ್ಮ ಭಾವನ ರಕ್ತ ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಜೋಪಾನವಾಗಿಯೇ ಹೋಯಿತು. ಚೀಟಿಯಲ್ಲಿ ಜ್ವರ ಶುರುವಾದ ದಿನದ ಜಾಗ ಮಾತ್ರ ಖಾಲಿ! ಮೊದಲ ವಾರದಲ್ಲಾದರೆ ಪಿಸಿಆರ್‌ನಲ್ಲಿ ವೈರಸ್ ಸಿಗುತ್ತದೆ, ಆಮೇಲೆ ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಐಜಿಎಂ ಪ್ರತಿಕಾಯ ಹುಡುಕಬೇಕು. ದಿನ ಗೊತ್ತಿಲ್ಲದ ‘ನೆಗೆಟಿವ್’ ವರದಿಯನ್ನು ನಂಬುವುದು ಹೇಗೆ? ರಕ್ತ ಕೊಡುವಾಗ ನೀವೇ ಪಕ್ಕದಲ್ಲಿ ನಿಂತು ಆ ದಿನಾಂಕ ಬರೆಸಿ.