ನಾಯಿ ಸಾಕಿದವರಿಗೆ ಮನೆ ಬಾಡಿಗೆಗೆ ಕೊಡಬಹುದೇ?

ಪ್ರಶ್ನೆ: ಕುವೆಂಪುನಗರದಲ್ಲಿ ನಮ್ಮದು ಎರಡಂತಸ್ತಿನ ಸ್ವಂತ ಮನೆ. ಕೆಳಗೆ ನಾನು, ನನ್ನ ಪತ್ನಿ ಹಾಗೂ 82 ವರ್ಷದ ತಾಯಿಯವರು ಇದ್ದೇವೆ. ಖಾಲಿಯಿರುವ ಮಹಡಿಯನ್ನು ಕೇಳಿಕೊಂಡು ಬಂದಿರುವ ದಂಪತಿ ಸಂಭಾವಿತರು. ಆದರೆ ಅವರ ಬಳಿ ನಾಲ್ಕು ವರ್ಷದ ಲ್ಯಾಬ್ರಡಾರ್ ನಾಯಿ ಇದೆ. ಮನೆ ಹಾಳಾದೀತು, ಯಾರನ್ನಾದರೂ ಕಚ್ಚಿದರೆ ಹೊಣೆ ನಮ್ಮ ತಲೆಗೆ ಬಂದೀತು ಎಂಬ ಅಳುಕಿದೆ. ಬೇಡವೆನ್ನಲು ಕಾನೂನಿನಲ್ಲಿ ಅವಕಾಶವಿದೆಯೇ? ಏನು ಮಾಡುವುದು ಸೂಕ್ತ?
— ಓದುಗರೊಬ್ಬರು, ಮೈಸೂರು

ಉತ್ತರ: ಬೇಡವೆನ್ನಲು ಅವಕಾಶವಿದೆ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘವು ಬಹುಮತದ ನಿರ್ಣಯದಿಂದಲೂ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಆದರೆ ಆ ಮಾತು ಸಂಘಗಳಿಗೆ ಸಂಬಂಧಿಸಿದ್ದು. ಸ್ವಂತ ಮನೆಯ ಮಹಡಿಯನ್ನು ಯಾರಿಗೆ ಕೊಡಬೇಕೆಂಬ ತೀರ್ಮಾನ ನಿಮ್ಮದೇ.

ಕಚ್ಚಿದರೆ ಹೊಣೆ ಯಾರದೆಂಬ ಅಳುಕನ್ನು ಬಹುಮಟ್ಟಿಗೆ ಬಿಡಬಹುದು. ಸಾಕುಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಅದನ್ನು ತನ್ನ ವಶದಲ್ಲಿ ಇಟ್ಟುಕೊಂಡವರ ಮೇಲೆ ಹೊರಿಸುತ್ತದೆ. ನಿರ್ಲಕ್ಷ್ಯ ತೋರಿದರೆ ಆರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಮನೆ ಹಾಳಾಗುವ ಪ್ರಶ್ನೆ ಹೆಚ್ಚಾಗಿ ನಿಮ್ಮ ನೆಲವನ್ನು ಅವಲಂಬಿಸಿದೆ. ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್ ಇದ್ದರೆ ಒರೆಸಿದರೆ ಮುಗಿಯಿತು. ಅಮೃತಶಿಲೆಯಾದರೆ ಮೂತ್ರದ ಕಲೆ ಉಳಿಯುತ್ತದೆ, ಮರದ ನೆಲವಾದರೆ ವಾಸನೆಯೂ ಬಿಡುವುದಿಲ್ಲ. ಲ್ಯಾಬ್ರಡಾರ್ ನಾಯಿಯ ಕೂದಲು ವರ್ಷವಿಡೀ ಉದುರುತ್ತದೆ; ನಾಯಿಯನ್ನು ತೊಳೆಯುವ ಬಚ್ಚಲಿನ ಜಾಲರಿ ಕಟ್ಟಿಕೊಳ್ಳುವುದು ಇದರಿಂದಲೇ. ಸಹಜ ಸವೆತವನ್ನು ಬಿಟ್ಟು ಉಳಿದಂತೆ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕೆಂದು 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 108ನೇ ಕಲಮು ಬಾಡಿಗೆದಾರರಿಗೆ ವಿಧಿಸಿರುವುದರಿಂದ, ಇಂತಹ ನಷ್ಟವನ್ನು ಮುಂಗಡದಿಂದ ಮುರಿದುಕೊಳ್ಳುವ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ನ್ಯಾಯವೇ ಆಗಿದೆ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ವಿಷಯ ನಿಮ್ಮ ಮೆಟ್ಟಿಲು ಮತ್ತು ನಿಮ್ಮ ತಾಯಿಯವರು. ಮಹಡಿಗೆ ಹೊರಗಿನಿಂದ ಬೇರೆ ಮೆಟ್ಟಿಲಿದ್ದರೆ ಅರ್ಧ ಚಿಂತೆ ಕಳೆಯಿತು. ನಿಮ್ಮ ಮುಂಬಾಗಿಲನ್ನು ಹಾದೇ ಹೋಗಬೇಕಾದರೆ, ಸುಮಾರು ಮೂವತ್ತು ಕಿಲೋ ತೂಗುವ ನಾಯಿ ಪ್ರೀತಿಯಿಂದ ಮೈಮೇಲೆ ಎಗರಿದರೂ ಆ ವಯಸ್ಸಿನವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದು. ಆದ್ದರಿಂದ ಒಂದು ಸಂಜೆ ಅವರನ್ನು ನಾಯಿಯ ಸಮೇತ ಬರಹೇಳಿ, ತಾಯಿಯವರು ಜಗುಲಿಯಲ್ಲಿ ಕುಳಿತೇ ನೋಡಲಿ. ಪಟ್ಟಿ ಹಿಡಿದವರ ಒಂದು ಮಾತಿಗೆ ನಾಯಿ ಕುಳಿತುಕೊಳ್ಳುತ್ತದೆಯೇ, ಗೇಟಿನ ಸದ್ದಿಗೆ ಬೊಗಳಿ ಸುಮ್ಮನಾಗುತ್ತದೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಬಳಿಕ, ಅವರು ಒಪ್ಪಿದರೆ, ಈಗ ಅವರಿರುವ ಮನೆಗೊಮ್ಮೆ ಹೋಗಿಬನ್ನಿ. ಬಾಗಿಲುಗಳ ಕೆಳಭಾಗದಲ್ಲಿ ಉಗುರಿನ ಆಳವಾದ ಗೀರುಗಳಿದ್ದರೆ ಅದನ್ನು ದಿನವೂ ಬಹಳ ಹೊತ್ತು ಒಂಟಿಯಾಗಿ ಕೂಡಿಹಾಕುತ್ತಿರಬಹುದು. ಇಬ್ಬರೂ ಬೆಳಿಗ್ಗೆ ಹೋಗಿ ರಾತ್ರಿ ಬರುವ ಮನೆಯಲ್ಲಿ ಎಂಥ ಸಾಧು ನಾಯಿಯೂ ಅಳುತ್ತದೆ, ಆ ಅಳುವನ್ನು ಹಗಲೆಲ್ಲ ಕೇಳಬೇಕಾದವರು ಕೆಳಗಿರುವ ನೀವು. ಆದ್ದರಿಂದ ಹಗಲಿನಲ್ಲಿ ನೋಡಿಕೊಳ್ಳುವವರು ಯಾರೆಂದು ಕೇಳಲು ಸಂಕೋಚಪಡಬೇಡಿ.

ಒಪ್ಪುವುದಾದರೆ, ಪ್ರತಿ ವರ್ಷ ರೇಬಿಸ್ ಲಸಿಕೆ ಹಾಕಿಸಿದ ಕಾರ್ಡು ತೋರಿಸುವುದು, ಮೆಟ್ಟಿಲು ಮತ್ತು ಅಂಗಳದಲ್ಲಿ ಪಟ್ಟಿ ಬಿಚ್ಚದಿರುವುದು, ಮಲವನ್ನು ತಾವೇ ತೆಗೆಯುವುದು, ಇನ್ನೊಂದು ಪ್ರಾಣಿಯನ್ನು ತರುವ ಮುನ್ನ ಕೇಳುವುದು, ಇಷ್ಟನ್ನು ಹನ್ನೊಂದು ತಿಂಗಳ ಕರಾರಿನಲ್ಲಿಯೇ ಸೇರಿಸಿ. ಬಾಯಿಮಾತು ಸಾಲದು.

ನನಗೆ ನಿಜವಾಗಿ ಆತಂಕವಿರುವುದು ಅರೆಮನಸ್ಸಿನ ಒಪ್ಪಿಗೆಯ ಬಗ್ಗೆ. ಮೂರು ತಿಂಗಳಾದ ಮೇಲೆ "ನೀವಿರಿ, ನಾಯಿ ಬೇಡ" ಎಂದರೆ, ಬೇರೆ ಮನೆ ಸಿಗದ ಕೆಲವರು ಅದನ್ನು ಬೀದಿಗೆ ಬಿಟ್ಟುಬಿಡುತ್ತಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧ. ಮನೆಯೊಳಗೆ ಬೆಳೆದ ನಾಯಿ ಬೀದಿಯಲ್ಲಿ ಹೆಚ್ಚು ದಿನ ಬದುಕುವುದೂ ಕಷ್ಟ. ಆದ್ದರಿಂದ ತಾಯಿಯವರ ಭಯ ಆ ಸಂಜೆಯೂ ಕಳೆಯದಿದ್ದರೆ ಮುಂಗಡ ಪಡೆಯುವ ಮೊದಲೇ, ಕಾರಣ ತಿಳಿಸಿ, ಆಗುವುದಿಲ್ಲವೆಂದು ಹೇಳಿಬಿಡಿ. ನಾಯಿಯನ್ನು ಒಪ್ಪುವ ಮನೆ ಹುಡುಕಿಕೊಳ್ಳಲು ಅವರಿಗೆ ಸಮಯವಿರುತ್ತದೆ.