ಕಡಿಮೆ ಹಣದಲ್ಲಿ ಹಳೆಯ ಮಿಯಾಟಾ: ಟರ್ಬೊಗೆ ಮೊದಲು ಏನು ಮಾಡಬೇಕು?

1990ರ ಮಾಜ್ದಾ ಎಂಎಕ್ಸ್-5 ಮಿಯಾಟಾ, 1.6 ಲೀಟರ್ ಎಂಜಿನ್. ಓಡುತ್ತದೆ, ಆದರೆ ಸುಸ್ತಾಗಿದೆ. ಕೈಯಲ್ಲಿ ದುಡ್ಡು ಹೆಚ್ಚಿಲ್ಲ, ಟರ್ಬೊ ಹಾಕುವ ಆಸೆ ಇದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಇದೇ ತಲೆಮಾರಿನ ಕಾರು ನನ್ನ ಬಳಿ ಹಲವು ವರ್ಷಗಳಿಂದ ಇದೆ, ಅದರ ಹೆಚ್ಚಿನ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ನನ್ನ ಸಲಹೆ ಇಷ್ಟು: ಟರ್ಬೊ ಆಸೆ ಬಿಡಬೇಡಿ, ಆದರೆ ಸರದಿಯಲ್ಲಿ ಅದನ್ನು ಕೊನೆಗೆ ನಿಲ್ಲಿಸಿ. ಈ ಕಾರು ಹೊಸದಾಗಿದ್ದಾಗ ಹೇಗೆ ಓಡುತ್ತಿತ್ತು ಎಂಬುದನ್ನು ನೀವಿನ್ನೂ ಅನುಭವಿಸಿಲ್ಲ. ಮೊದಲು ಅದನ್ನು ವಾಪಸ್ ತನ್ನಿ. ಖರ್ಚು ನೀವು ಅಂದುಕೊಂಡಿರುವುದಕ್ಕಿಂತ ಕಡಿಮೆ, ಸಿಗುವ ಖುಷಿ ಹೆಚ್ಚು.

1989ರಲ್ಲಿ ಬಂದ ಈ ಕಾರಿನ ಶಕ್ತಿ ಸುಮಾರು 115 ಅಶ್ವಶಕ್ತಿ ಅಷ್ಟೇ. ಆದರೆ ತೂಕ ಒಂದು ಟನ್‌ಗಿಂತ ಕಡಿಮೆ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಶನ್, ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ವರೆಗೆ ಒಂದೇ ಅಲ್ಯೂಮಿನಿಯಂ ಚೌಕಟ್ಟು, ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. ಇದರ ಮಜಾ ಇರುವುದು ತಿರುವಿನಲ್ಲಿ, ಸ್ಟೀರಿಂಗ್ ಮಾತಾಡುವ ರೀತಿಯಲ್ಲಿ, ಗೇರ್ ಬೀಳುವ ರೀತಿಯಲ್ಲಿ. ಮೂವತ್ತು ವರ್ಷ ದಾಟಿದ ಕಾರಿನಲ್ಲಿ ಮೊದಲು ಸಾಯುವುದು ಇವೇ. ಸಸ್ಪೆನ್ಶನ್ ಕೀಲುಗಳಲ್ಲಿರುವ ಬುಷ್‌ಗಳ ರಬ್ಬರ್ ಬಿರುಕು ಬಿಟ್ಟಿರುತ್ತದೆ, ಶಾಕ್ ಅಬ್ಸಾರ್ಬರ್ ಒಣಗಿರುತ್ತದೆ, ಬ್ರೇಕ್ ಕ್ಯಾಲಿಪರ್ ಅಂಟಿಕೊಂಡಿರುತ್ತದೆ. ಅಂಥ ಗಾಡಿಗೆ ಟರ್ಬೊ ಹಾಕಿದರೆ ಅದು ವೇಗವಾಗಿ ಓಡುವ ಸುಸ್ತಾದ ಗಾಡಿಯಾಗುತ್ತದೆ, ಮತ್ತೇನೂ ಬದಲಾಗುವುದಿಲ್ಲ.

ಬಾನೆಟ್ ಎತ್ತುವ ಮೊದಲು ನೆಲದ ಮೇಲೆ ಮಲಗಿ ತುಕ್ಕು ನೋಡಿ. ಈ ಕಾರಿನಲ್ಲಿ ತುಕ್ಕು ಹಿಡಿಯುವ ಜಾಗ ಗೊತ್ತಿರುವಂಥದ್ದೇ: ಬಾಗಿಲ ಕೆಳಗಿನ ಸಿಲ್, ಅದರಲ್ಲೂ ಹಿಂದಿನ ಚಕ್ರಕ್ಕೆ ಹತ್ತಿರದ ತುದಿ. ಕಾರಣವನ್ನೂ ಹೇಳುತ್ತೇನೆ, ಏಕೆಂದರೆ ಕಾರಣ ಗೊತ್ತಿದ್ದರೆ ಪರಿಹಾರಕ್ಕೆ ದುಡ್ಡೇ ಬೇಕಿಲ್ಲ. ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದೆ ಎರಡೂ ಬದಿಯಲ್ಲಿರುವ ರಂಧ್ರಗಳ ಮೂಲಕ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಸುರಿಯಬೇಕು. ಎಲೆ, ಮಣ್ಣು ಸೇರಿ ಆ ಕೊಳವೆ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ, ಸಿಲ್‌ನ ಒಳಗಿಂದಲೇ ಕಬ್ಬಿಣ ತಿನ್ನಲು ಶುರು ಮಾಡುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಿದೆ ಅಂದರೆ ಒಳಗೆ ಬಹಳ ಹಿಂದೆಯೇ ಹೋಗಿದೆ ಅಂತ ಅರ್ಥ. ಆ ರಂಧ್ರಕ್ಕೆ ನಿಧಾನವಾಗಿ ಒಂದು ಲೋಟ ನೀರು ಹೊಯ್ದು ಕೆಳಗೆ ಎಷ್ಟು ಬರುತ್ತದೆ ನೋಡಿ. ಕಟ್ಟಿದ್ದರೆ ಬಾಗುವ ನೈಲಾನ್ ತಂತಿಯಿಂದ ಬಿಡಿಸಿ. ಗಟ್ಟಿ ಸರಳು ಹಾಕಿ ತಿವಿಯಬೇಡಿ, ಒಳಗಿನ ಕೊಳವೆ ಕಳಚಿ ಬಿದ್ದರೆ ಮತ್ತೊಂದು ತಲೆನೋವು.

ತುಕ್ಕು ತೂತಾಗುವ ಮಟ್ಟಕ್ಕೆ ಬಂದಿದ್ದರೆ ಬಜೆಟ್‌ನ ಮೊದಲ ಪಾಲು ವೆಲ್ಡಿಂಗ್‌ಗೆ ಹೋಗಲಿ. ಛಾವಣಿ ಇಲ್ಲದ ಕಾರಿಗೆ ಬಿಗಿತ ಕೊಡುವುದರಲ್ಲಿ ಸಿಲ್‌ಗಳದ್ದು ದೊಡ್ಡ ಪಾಲು. ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆಸುವುದು ಕಾರನ್ನು ಮಾರುವವರ ಕೆಲಸ, ಇಟ್ಟುಕೊಳ್ಳುವವರದ್ದಲ್ಲ. ಡಿಕ್ಕಿಯಲ್ಲಿರುವ ಬ್ಯಾಟರಿಯ ಕೆಳಗೂ ಕೈಯಾಡಿಸಿ. ಈ ಕಾರಿಗೆ ಕಂಪನಿಯವರು ಕೊಟ್ಟದ್ದು ಸೀಲ್ ಆದ, ಗಾಳಿ ಹೊರಹಾಕಲು ಕೊಳವೆ ಇರುವ ಬ್ಯಾಟರಿ. ಯಾರಾದರೂ ಮಾಮೂಲಿ ಬ್ಯಾಟರಿ ಇಟ್ಟಿದ್ದರೆ ಅದರ ಆಮ್ಲದ ಹಬೆಗೆ ಡಿಕ್ಕಿಯ ತಳ ಕೊಳೆತಿರಬಹುದು.

ಈಗ ಎಂಜಿನ್. ಒಳ್ಳೆಯ ಸುದ್ದಿ ಏನೆಂದರೆ ಇದು ತುಂಬ ಗಟ್ಟಿ ಎಂಜಿನ್, ವಾಲ್ವ್‌ಗಳನ್ನು ಪಿಸ್ಟನ್‌ಗಳ ತಾಳಕ್ಕೆ ಕುಣಿಸುವ ಟೈಮಿಂಗ್ ಬೆಲ್ಟ್ ಹರಿದರೂ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುವುದಿಲ್ಲ. ಹಾಗಂತ ಬೆಲ್ಟನ್ನು ಮರೆಯುವಂತಿಲ್ಲ. ಅದರ ಅವಧಿ 60,000 ಮೈಲಿ, ಅಂದರೆ ಸುಮಾರು 96,000 ಕಿಲೋಮೀಟರ್. ಯಾವಾಗ ಬದಲಾಯಿಸಿದ್ದು ಎಂಬ ಲಿಖಿತ ದಾಖಲೆ ಇಲ್ಲವೆಂದರೆ ಬದಲಾಯಿಸಿಲ್ಲ ಎಂದೇ ತಿಳಿಯಿರಿ. ಬೆಲ್ಟ್ ಬಿಚ್ಚಿದಾಗಲೇ ವಾಟರ್ ಪಂಪ್, ಟೆನ್ಷನರ್, ಕ್ಯಾಮ್ ಮತ್ತು ಕ್ರ್ಯಾಂಕ್‌ನ ಮುಂದಿನ ಸೀಲ್‌ಗಳನ್ನೂ ಹೊಸದು ಹಾಕಿ. ಭಾಗಗಳ ಖರ್ಚು ಸ್ವಲ್ಪ ಏರುತ್ತದೆ, ಆದರೆ ಅದೇ ಶ್ರಮವನ್ನು ಎರಡನೇ ಸಲ ಪಡುವುದು ತಪ್ಪುತ್ತದೆ.

ನಿಮ್ಮದು 1990ರ ಕಾರು ಆದ್ದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕು. ಆರಂಭದ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡದ, ಮುಂದಿನ ಮೂತಿ ಗಿಡ್ಡ. ಮುಂದಿನ ಪುಲ್ಲಿಯ ಬೋಲ್ಟ್ ಸಡಿಲಾದರೆ ಪುಲ್ಲಿ ಅಲುಗಾಡಿ, ಅದನ್ನು ಶಾಫ್ಟ್‌ಗೆ ಹಿಡಿದಿಡುವ ಕೀಲಿ ಕೂರುವ ತೋಡನ್ನು ಸವೆಸುತ್ತದೆ. ಆಮೇಲೆ ಟೈಮಿಂಗ್ ಓಲಾಡುತ್ತದೆ, ಪಿಕಪ್ ಹೋಗುತ್ತದೆ, ಕೊನೆಗೆ ಕ್ರ್ಯಾಂಕ್‌ಶಾಫ್ಟೇ ಹಾಳು. 1991ರಲ್ಲಿ ಮಾಜ್ದಾ ಇದನ್ನು ಉದ್ದ ಮೂತಿಗೆ ಬದಲಾಯಿಸಿತು. ಗುರುತಿಸುವುದು ಸುಲಭ: ಪುಲ್ಲಿಯ ಮುಖದಲ್ಲಿ ನಾಲ್ಕು ಸೀಳು ಇದ್ದರೆ ಗಿಡ್ಡ ಮೂತಿ, ಎಂಟು ಇದ್ದರೆ ಉದ್ದ ಮೂತಿ. ಎಂಜಿನ್ ಐಡಲ್‌ನಲ್ಲಿರುವಾಗ ಪುಲ್ಲಿಯನ್ನು ದೂರದಿಂದ ದಿಟ್ಟಿಸಿ ನೋಡಿ, ಓಲಾಡದೆ ನೇರವಾಗಿ ತಿರುಗುತ್ತಿದ್ದರೆ ಗಾಬರಿ ಬೇಡ. ಬೆಲ್ಟ್ ಕೆಲಸದ ದಿನ ಹೊಸ ಬೋಲ್ಟ್, ಹೊಸ ಕೀಲಿ ಹಾಕಿ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಿರಿ. ಎರಡು ಬಗೆಯ ಶಾಫ್ಟ್‌ಗೂ ಬಿಗಿತದ ಅಳತೆ ಬೇರೆ, ಹಾಗಾಗಿ ವರ್ಕ್‌ಶಾಪ್ ಮ್ಯಾನುಅಲ್‌ನಲ್ಲಿ ನಿಮ್ಮದಕ್ಕೆ ಹೊಂದುವ ಅಂಕಿಯನ್ನೇ ಹಿಡಿಯಿರಿ. ಗಿಡ್ಡ ಮೂತಿಯ ಎಂಜಿನ್ ಮೇಲೆ ಟರ್ಬೊಗೆ ದೊಡ್ಡ ಹಣ ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಸಿಲಿಂಡರ್‌ಗಳು ಗಾಳಿಯನ್ನು ಎಷ್ಟು ಒತ್ತುತ್ತವೆ ಎಂದು ಗೇಜ್ ಹಾಕಿ ಅಳೆಯುವ ಕಂಪ್ರೆಶನ್ ಪರೀಕ್ಷೆಗೆ ಒಂದು ಗಂಟೆ ಸಾಕು. ಎಂಜಿನ್ ಬಿಸಿಯಾಗಿರಲಿ, ನಾಲ್ಕೂ ಪ್ಲಗ್ ಬಿಚ್ಚಿ, ಇಗ್ನಿಷನ್ ಮತ್ತು ಇಂಧನ ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ. ಹೊಸ ಎಂಜಿನ್‌ನಲ್ಲಿ 190 ಪಿಎಸ್‌ಐ ಆಸುಪಾಸು ಬರುತ್ತದೆ. ಸ್ವಲ್ಪ ಕಡಿಮೆ ಇದ್ದರೂ ನಾಲ್ಕೂ ಸಮವಾಗಿದ್ದರೆ ಸಮಾಧಾನ. ಒಂದು ಸಿಲಿಂಡರ್ ಮಾತ್ರ ತೀರ ಕೆಳಗಿದ್ದರೆ ಮುಂದಿನ ಯೋಜನೆಯೆಲ್ಲ ಬದಲಾಗುತ್ತದೆ. ಸ್ಟಾರ್ಟ್ ಮಾಡಿದಾಗ ಮೇಲಿನಿಂದ ಟಿಕ್ ಟಿಕ್ ಎಂಬ ಸದ್ದು ಬಂದರೆ ಅದು ಹೈಡ್ರಾಲಿಕ್ ಲಿಫ್ಟರ್‌ಗಳದ್ದು. ಒಳ್ಳೆಯ ಆಯಿಲ್ ಹಾಕಿ ಕೆಲವು ಕಾಲ ಓಡಿಸಿದರೆ ಎಷ್ಟೋ ಸಲ ತಾನಾಗಿ ತಗ್ಗುತ್ತದೆ. ಹೆಡ್‌ನ ಹಿಂಭಾಗದಿಂದ ಆಯಿಲ್ ಸೋರುತ್ತಿದ್ದರೆ ಹಿಂದಿನ ಕ್ರ್ಯಾಂಕ್ ಸೀಲ್ ಹೋಯಿತೆಂದು ಗೇರ್‌ಬಾಕ್ಸ್ ಇಳಿಸಲು ಹೊರಡಬೇಡಿ. ಅಲ್ಲಿ ಕೂತಿರುವ ಕ್ಯಾಮ್ ಆ್ಯಂಗಲ್ ಸೆನ್ಸರ್‌ನ ಓ-ರಿಂಗ್ ಗಟ್ಟಿಯಾಗಿರುವುದೇ ಹೆಚ್ಚು.

ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಕಪ್ಪಗಿದೆಯೇ, ಕಂದು ಬಣ್ಣಕ್ಕೆ ತಿರುಗಿದೆಯೇ? ಕಂದಾಗಿದ್ದರೆ ಅದರ ಆಯುಷ್ಯ ಮುಗಿಯುತ್ತಾ ಬಂದಿದೆ, ಸೀಳುವವರೆಗೆ ಕಾಯದೆ ಹೋಸ್‌ಗಳ ಸಮೇತ ಬದಲಿಸಿ. ಈ ಎಂಜಿನ್ ಕೆಡುವುದು ಬಿಸಿಯಿಂದಲೇ.

ಬ್ರೇಕ್ ಮತ್ತು ಟೈರ್ ವಿಷಯದಲ್ಲಿ ನಾನು ಹಟಮಾರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಮುದ್ರೆ ಇರುತ್ತದೆ. 2315 ಎಂದಿದ್ದರೆ 2015ರ 23ನೇ ವಾರದಲ್ಲಿ ತಯಾರಾದದ್ದು. ಗಾಡಿ ವರ್ಷಗಟ್ಟಲೆ ನಿಂತೇ ಇದ್ದರೆ ಟೈರಿನ ಹೂವು ಹೊಸದರಂತೆ ಕಾಣುತ್ತದೆ, ರಬ್ಬರ್ ಮಾತ್ರ ಹಲಗೆಯಾಗಿರುತ್ತದೆ. ಮೂಲ ಅಳತೆ 185/60 ಆರ್14. ಆ ಅಳತೆಯಲ್ಲಿ ಹೊಸ, ಒಳ್ಳೆಯ ಟೈರ್ ಹಾಕಿ. ದೊಡ್ಡ ಚಕ್ರ ಹಾಕಿದರೆ ತೂಕ ಏರುತ್ತದೆ, ಈ ಸಣ್ಣ ಎಂಜಿನ್‌ಗೆ ಅದು ಹೊರೆ, ಸ್ಟೀರಿಂಗ್‌ನ ಹಗುರ ಗುಣವೂ ಹೋಗುತ್ತದೆ. ನನ್ನ ಕಾರಿನಲ್ಲಿ ಇವತ್ತಿಗೂ 14 ಇಂಚೇ ಇದೆ.

ಬ್ರೇಕ್‌ನಲ್ಲಿ ಮೊದಲು ಹಿಂದಿನ ಕ್ಯಾಲಿಪರ್‌ಗಳನ್ನು ನೋಡಿ, ಹ್ಯಾಂಡ್‌ಬ್ರೇಕ್ ಜೋಡಣೆ ಇರುವ ಅವು ಬೇಗ ಹಿಡಿದುಕೊಳ್ಳುತ್ತವೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ. ಸ್ಲೈಡ್ ಪಿನ್ ಬಿಚ್ಚಿ ಉಜ್ಜಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿ, ಸೀಲ್ ಕಿಟ್ ಹಾಕಿ. ಹೊಸ ಡಾಟ್ 4 ಬ್ರೇಕ್ ಆಯಿಲ್ ತುಂಬಿ, ಅದು ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಿರಿ. ರಬ್ಬರ್ ಹೋಸ್‌ಗಳಲ್ಲಿ ಬಿರುಕಿದ್ದರೆ ತಡ ಮಾಡಬೇಡಿ. ಇನ್ನೂ ಹೆಚ್ಚು ಬ್ರೇಕ್ ಬೇಕೆನಿಸಿದರೆ ಅಗ್ಗದ ದಾರಿ ಒಂದಿದೆ: 1994ರಿಂದ ಬಂದ 1.8 ಮಾದರಿಯ ಡಿಸ್ಕ್ ದೊಡ್ಡದು, ಮುಂದೆ 235 ಮಿಲಿಮೀಟರ್ ಬದಲು ಸುಮಾರು 255. ಕ್ಯಾಲಿಪರ್ ನಿಮ್ಮದೇ ಸಾಕು, ಗುಜರಿಗೆ ಹೋದ 1.8 ಕಾರಿನಿಂದ ಕ್ಯಾಲಿಪರ್ ಹಿಡಿಯುವ ಬ್ರ್ಯಾಕೆಟ್ ತಂದು ಹೊಸ ಡಿಸ್ಕ್ ಹಾಕಿದರೆ ಮುಗಿಯಿತು.

ಕ್ಲಚ್ ಪೆಡಲ್ ಮೆತ್ತಗಾಗಿ ಗೇರ್ ಕಿರುಗುಟ್ಟಿದರೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಬಳಿ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರ್ ಸೋರುತ್ತಿರುತ್ತದೆ. ಸಣ್ಣ ಭಾಗ, ಸಣ್ಣ ಕೆಲಸ. ಗೇರ್ ಲಿವರ್ ಕೆಳಗಿನ ರಬ್ಬರ್ ಹೊದಿಕೆಗಳು ಹರಿದಿದ್ದರೆ ಒಳಗೆ ಬಿಸಿಗಾಳಿ, ಸದ್ದು ಎರಡೂ ಬರುತ್ತವೆ. ಲಿವರ್ ಬುಡದ ಗೂಡಿನಲ್ಲಿ ತನ್ನದೇ ಆದ ಸ್ವಲ್ಪ ಆಯಿಲ್ ಇರಬೇಕು, ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ಹೊದಿಕೆ ಹೊಸದು ಹಾಕಿ ಆ ಆಯಿಲ್ ಬದಲಿಸಿದ ದಿನ ಗೇರ್ ಬದಲಾಯಿಸುವುದಕ್ಕಾಗಿಯೇ ಒಂದು ಸುತ್ತು ಹೋಗಿಬರೋಣ ಅನಿಸುತ್ತದೆ. ಇಡೀ ಕಾರಿನಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಸುಖ ಕೊಡುವ ಕೆಲಸ ಬೇರೊಂದಿಲ್ಲ ಎಂಬುದು ನನ್ನ ಅನಿಸಿಕೆ.

ಸಸ್ಪೆನ್ಶನ್‌ಗೆ ಬಂದಾಗ ದಯವಿಟ್ಟು ಸ್ಪ್ರಿಂಗ್ ಕತ್ತರಿಸಬೇಡಿ. ಈ ಕಾರಿಗೆ ಸಸ್ಪೆನ್ಶನ್ ಕುಣಿಯಲು ಇರುವ ಜಾಗವೇ ಕಡಿಮೆ. ಇನ್ನೂ ಇಳಿಸಿದರೆ ಪ್ರತಿ ಗುಂಡಿಗೂ ಓಟದ ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪ್‌ಗೆ ಹೋಗಿ ಕುಟ್ಟುತ್ತದೆ, ತಿರುವಿನಲ್ಲಿ ಹಾಗಾದರೆ ಹಿಡಿತ ಒಮ್ಮೆಲೇ ತಪ್ಪುತ್ತದೆ. ಒಳ್ಳೆಯ ಶಾಕ್ ಅಬ್ಸಾರ್ಬರ್, ಹೊಸ ಬಂಪ್ ಸ್ಟಾಪ್, ಸಾಧ್ಯವಾದರೆ ಎರಡನೇ ತಲೆಮಾರಿನ ಮಿಯಾಟಾದ ಮೇಲಿನ ಮೌಂಟ್‌ಗಳು. ಆ ಮೌಂಟ್ ಹಾಕಿದರೆ ಸ್ವಲ್ಪ ಹೆಚ್ಚು ಓಡಾಟ ಸಿಗುತ್ತದೆ. ಬುಷ್‌ಗಳನ್ನು ಒಂದೇ ಸಲ ಮಾಡಿಸಲು ಹಣವಿಲ್ಲದಿದ್ದರೆ ತೀರ ಹರಿದವನ್ನು ಮೊದಲು ಮಾಡಿ.

ಇಷ್ಟಾದ ಮೇಲೆ ವೀಲ್ ಅಲೈನ್‌ಮೆಂಟ್. ಇದನ್ನು ಮಾಡಿಫಿಕೇಶನ್ ಎಂದೇ ಎಣಿಸಿ. ಮುಂದೆ ಹಿಂದೆ ಎರಡೂ ಕಡೆ ಕ್ಯಾಂಬರ್ (ಚಕ್ರ ಒಳಕ್ಕೆ ಅಥವಾ ಹೊರಕ್ಕೆ ವಾಲುವ ಕೋನ), ಟೋ (ಮೇಲಿನಿಂದ ನೋಡಿದಾಗ ಚಕ್ರ ಮುಖ ಮಾಡಿರುವ ದಿಕ್ಕು) ತಿರುಗಿಸಿ ಹೊಂದಿಸುವ ಬೋಲ್ಟ್‌ಗಳನ್ನು ಮಾಜ್ದಾ ಕೊಟ್ಟಿದೆ. ಅವು ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ, ಆದ್ದರಿಂದ ಹೋಗುವ ಕೆಲವು ದಿನ ಮುಂಚಿನಿಂದ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ರಸ್ತೆಗೆ ಮುಂದೆ ಸುಮಾರು ಮೈನಸ್ 1 ಡಿಗ್ರಿ, ಹಿಂದೆ ಮೈನಸ್ ಒಂದೂವರೆ ಡಿಗ್ರಿ ಕ್ಯಾಂಬರ್, ಹಿಂದೆ ಚೂರು ಟೋ-ಇನ್. ‘ಎಲ್ಲ ಹಸಿರು ಗೆರೆಯೊಳಗಿದೆ’ ಎಂದು ಹೇಳಿ ಕಳಿಸುವವರಿಗೆ ಒಪ್ಪಬೇಡಿ, ಈ ಅಂಕಿಗಳನ್ನು ಬರೆದುಕೊಂಡು ಹೋಗಿ ಅದನ್ನೇ ಕೇಳಿ.

ಖರ್ಚಿಲ್ಲದ ಪಿಕಪ್ ಬೇಕೇ? ಕಂಪನಿಯ ಇಗ್ನಿಷನ್ ಟೈಮಿಂಗ್, ಅಂದರೆ ಪಿಸ್ಟನ್ ಮೇಲೆ ಮುಟ್ಟುವುದಕ್ಕೆ ಎಷ್ಟು ಮುಂಚೆ ಕಿಡಿ ಹಾರಬೇಕು ಎಂಬುದು, 10 ಡಿಗ್ರಿ. ಡಯಾಗ್ನಾಸ್ಟಿಕ್ ಪೆಟ್ಟಿಗೆಯಲ್ಲಿ ಟೆನ್ ಮತ್ತು ಗ್ರೌಂಡ್ ಎಂಬ ಎರಡು ಕಿಂಡಿಗಳನ್ನು ತಂತಿಯಿಂದ ಜೋಡಿಸಿ, ಟೈಮಿಂಗ್ ಲೈಟ್ ಹಿಡಿದು, ಆಗಲೇ ಹೇಳಿದ ಕ್ಯಾಮ್ ಆ್ಯಂಗಲ್ ಸೆನ್ಸರ್‌ನ ಬೋಲ್ಟ್ ಸಡಿಲಿಸಿ ನಿಧಾನಕ್ಕೆ ತಿರುಗಿಸಿದರೆ 14 ಡಿಗ್ರಿವರೆಗೆ ತರಬಹುದು. ಕೆಳಗಿನ ಆರ್‌ಪಿಎಂನಲ್ಲಿ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಆದರೆ ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಹಾಕಲೇಬೇಕು. ಈ 1.6 ಎಂಜಿನ್‌ಗೆ ಪೆಟ್ರೋಲ್ ಅಕಾಲದಲ್ಲಿ ಸಿಡಿಯುವುದನ್ನು ಪತ್ತೆಹಚ್ಚುವ ನಾಕ್ ಸೆನ್ಸರ್ ಇಲ್ಲ, ಅದು ತನ್ನನ್ನು ತಾನು ಕಾಪಾಡಿಕೊಳ್ಳಲಾರದು. ದೊಡ್ಡ ಏರ್ ಫಿಲ್ಟರ್, ಅಗಲ ಸೈಲೆನ್ಸರ್ ಇವೆಲ್ಲ ಸದ್ದು ಕೊಡುತ್ತವೆ, ಶಕ್ತಿ ಕೊಡುವುದು ಅತ್ಯಲ್ಪ. ಸದ್ದು ಇಷ್ಟವಾದರೆ ಹಾಕಿ, ಅದರಲ್ಲಿ ತಪ್ಪೇನಿಲ್ಲ.

ಟರ್ಬೊ ಎಂದರೆ ಬರೀ ಟರ್ಬೊ ಆಗಿರುವುದಿಲ್ಲ ಎಂಬುದು ಈಗ ನಿಮಗೇ ಹೊಳೆದಿರಬಹುದು. ನಿಮ್ಮ ಕಾರಿನಲ್ಲಿ ಗಾಳಿ ಅಳೆಯುವುದು ರೆಕ್ಕೆ ತೆರೆಯುವ ಹಳೆಯ ಬಗೆಯ ಮೀಟರ್, ಅದರ ಬದಲು ಪ್ರೋಗ್ರಾಂ ಮಾಡಬಲ್ಲ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೇಕಾಗುತ್ತದೆ. ದೊಡ್ಡ ಇಂಜೆಕ್ಟರ್, ಗಟ್ಟಿ ಕ್ಲಚ್, ದೊಡ್ಡ ರೇಡಿಯೇಟರ್, ತಿಳಿದವರಿಂದ ಟ್ಯೂನಿಂಗ್. 1.6 ಕಾರಿನ ಡಿಫರೆನ್ಷಿಯಲ್ ಸಣ್ಣದು, ಹೆಚ್ಚು ಟಾರ್ಕ್ ತಡೆಯದು, 1.8ರದ್ದು ಹುಡುಕಬೇಕು. ಕೂಲಂಟ್ ಹರಿವಿನ ದಾರಿಯೂ ಒಂದು ತೊಡಕು. ಮುಂದಿನ ಚಕ್ರದ ಎಳೆತದ ಕಾರಿನಿಂದ ಬಂದ ಎಂಜಿನ್ ಇದು. ಮಿಯಾಟಾದಲ್ಲಿ ಥರ್ಮೋಸ್ಟಾಟ್ ಮುಂದಕ್ಕೆ ಬಂದಿರುವುದರಿಂದ ಹಿಂದಿನ ಸಿಲಿಂಡರ್‌ಗಳು ಹೆಚ್ಚು ಬಿಸಿಯಾಗುತ್ತವೆ, ಟರ್ಬೊ ಹಾಕುವವರು ಆ ದಾರಿಯನ್ನು ಹಿಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಇವುಗಳಲ್ಲಿ ಅರ್ಧ ಮಾಡಿ ನಿಲ್ಲಿಸಿದ ಕಾರುಗಳು ಎಷ್ಟೋ ಕಡೆ ಮಾರಾಟಕ್ಕಿರುವುದನ್ನು ನೀವೂ ನೋಡಿರುತ್ತೀರಿ. ನೋಂದಣಿ, ವಿಮೆಯ ನಿಯಮ ನಿಮ್ಮಲ್ಲಿ ಏನು ಹೇಳುತ್ತದೆ ಎಂಬುದನ್ನು ಕಿಟ್ ಕೊಳ್ಳುವ ಮುಂಚೆಯೇ ವಿಚಾರಿಸಿ.

ಬಿಡಿಭಾಗ ಸಿಗದು ಎಂಬ ಭಯ ಬೇಡ. 2016ರ ಹೊತ್ತಿಗೆ ಎಲ್ಲ ತಲೆಮಾರು ಸೇರಿ ಹತ್ತು ಲಕ್ಷ ಎಂಎಕ್ಸ್-5 ತಯಾರಾಗಿದ್ದವು, 2017ರಲ್ಲಿ ಮಾಜ್ದಾ ಜಪಾನಿನಲ್ಲಿ ಮೊದಲ ತಲೆಮಾರಿನ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ಕೆಲಸವನ್ನೂ ಘೋಷಿಸಿ, ಮುಂದೆ ಕೆಲವು ಭಾಗಗಳನ್ನು ಮತ್ತೆ ತಯಾರಿಸತೊಡಗಿತು. ಇರುವ ಹಣದ ಮೂರನೇ ಒಂದು ಪಾಲನ್ನು ಮುಟ್ಟದೆ ಇಟ್ಟುಕೊಳ್ಳಿ, ಬಿಚ್ಚಿದ ಮೇಲೆ ಕಾಣುವ ಕೆಲಸಕ್ಕೆ ಅದು ಬೇಕಾಗುತ್ತದೆ. ಉಪಕರಣಕ್ಕೆ ಜಿಪುಣತನ ಬೇಡ, ಅದರಲ್ಲೂ ಒಳ್ಳೆಯ ಜಾಕ್ ಸ್ಟ್ಯಾಂಡ್‌ಗೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಎಂದೂ ಹೋಗಬೇಡಿ.

ಕಂಪ್ರೆಶನ್‌ನ ನಾಲ್ಕು ಅಂಕಿ, ಪುಲ್ಲಿಯಲ್ಲಿ ಎಷ್ಟು ಸೀಳು ಇವೆ, ಟೈರಿನ ತಾರೀಖು, ಸಿಲ್‌ನ ಹಿಂದಿನ ತುದಿಯ ಫೋಟೊ, ಇಷ್ಟನ್ನು ಕಾಮೆಂಟ್‌ನಲ್ಲಿ ಹಾಕಿ. ನೋಡಿ, ಮೊದಲ ತಿಂಗಳ ಹಣ ಯಾವುದಕ್ಕೆ ಹೋಗಬೇಕು ಎಂದು ಹೇಳುತ್ತೇನೆ.